ಯುಕೆಲಿರೋರು ಬಾಯ್ಲರ್ ಸೆಟ್ಟಿಂಗ್ ಒಂದ್ಸಲ ನೋಡ್ಕೊಳಿ

ಚಳಿ ಶುರುವಾಯ್ತು, ಹೊಸದಾಗಿ ಬಂದಿರೋರಿಗೆ ಹೇಳ್ತಿದೀನಿ. ಗ್ಯಾಸ್ ಬಿಲ್ ಜಾಸ್ತಿ ಬಂತು ಅಂದ್ರೆ ಎಲ್ರೂ ಥರ್ಮೋಸ್ಟಾಟ್ (ರೂಮ್ ಎಷ್ಟು ಬಿಸಿ ಇರ್ಬೇಕು ಅಂತ ಸೆಟ್ ಮಾಡೋದು) ಇಳಿಸ್ತಾರೆ, ಬಾಯ್ಲರ್ ಕಡೆ ಯಾರೂ ನೋಡಲ್ಲ. ಕಾಂಬಿ ಬಾಯ್ಲರ್ (ಬೇರೆ ಟ್ಯಾಂಕ್ ಇಲ್ದೆ ಮನೇನೂ ನಲ್ಲಿ ನೀರನ್ನೂ ಒಂದೇ ಬಿಸಿ ಮಾಡೋದು) ಆದ್ರೆ ಮುಂದ್ಗಡೆ ರೇಡಿಯೇಟರ್ (ರೂಮ್ ಬಿಸಿ ಮಾಡೋಕೆ ಗೋಡೇಲಿರೋ ಬಿಸಿನೀರಿನ ಪ್ಯಾನೆಲ್) ಚಿತ್ರ ಇರೋ ತಿರುಗ್ಸೋ ಗುಂಡಿನೋ ಬಟನ್ನೋ ಇರತ್ತೆ, ರೇಡಿಯೇಟರ್‌ಗೆ ಹೋಗೋ ನೀರು ಎಷ್ಟು ಬಿಸಿ ಇರ್ಬೇಕು ಅನ್ನೋದು ಅದು, ಎಷ್ಟೋ ಮನೇಲಿ 75-80 ಡಿಗ್ರಿಗೆ ಇಟ್ಟು ಹೋಗಿರ್ತಾರೆ. 60ಕ್ಕೆ ಇಳಿಸಿ ನೋಡಿ. ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗಳು ಹೊಗೇಲಿರೋ ಆವಿನ ನೀರಾಗಿಸಿ ಆ ಶಾಖಾನೂ ಬಳಸ್ಕೊಳತ್ವೆ, ಆದ್ರೆ ರೇಡಿಯೇಟರ್‌ಗಳಿಂದ ಬಾಯ್ಲರ್‌ಗೆ ವಾಪಸ್ ಬರೋ ನೀರು ಸುಮಾರು 55ಕ್ಕಿಂತ ಕಮ್ಮಿ ಇದ್ರೆ ಮಾತ್ರ, ಇಲ್ಲಾಂದ್ರೆ ದುಡ್ಡು ಕೊಟ್ಟ ಶಾಖ ಗೋಡೆ ಆಚೆ. ಇಳಿಸಿದ್ಮೇಲೆ ರೂಮ್ ಬಿಸಿಯಾಗೋದು ಸ್ವಲ್ಪ ಲೇಟು, ರೇಡಿಯೇಟರ್ ಮುಟ್ಟಿದ್ರೆ ಕೈ ಚುರ್ ಅನ್ನಲ್ಲ, ಕೆಟ್ಟೋಯ್ತು ಅಂದ್ಕೋಬೇಡಿ. ನಲ್ಲಿ ಚಿತ್ರ ಇರೋದು ಸ್ನಾನದ ನೀರಿಂದು, ಅದು ಬೇರೆ.

ಬಿಸಿನೀರಿನ ಸಿಲಿಂಡರ್ (ಬಿಸಿನೀರು ತುಂಬಿಡೋ ಟ್ಯಾಂಕ್) ಇರೋ ಮನೆಯವರು ಮಾತ್ರ ಇದಕ್ಕೆ ಕೈ ಹಾಕ್ಬೇಡಿ, ಸಿಲಿಂಡರ್ ನೀರು 60 ಆದ್ರೂ ಇರ್ಬೇಕು, ಇಲ್ದಿದ್ರೆ ನ್ಯುಮೋನಿಯಾ ತರೋ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯತ್ತೆ. ಆಮೇಲೆ ಒದ್ದೆ ಬಟ್ಟೆ ರೇಡಿಯೇಟರ್ ಮೇಲೆ ಹರವೋ ಅಭ್ಯಾಸ ಬಿಡ್ರಪ್ಪ, ಶಾಖಾನೂ ತಡೆಯತ್ತೆ, ಗೋಡೆಗೆ ಬೂಷ್ಟೂ ಹಿಡಿಯತ್ತೆ.