ಸಿನಿಮಾ ಹೇಗಿತ್ತು ಅಂತ ಕೇಳೋದನ್ನೇ ಬಿಟ್ಟೆ

ಪುಸ್ತಕ ಓದಿದವರನ್ನೂ ಓದದವರನ್ನೂ ಅಕ್ಕಪಕ್ಕ ಕೂರಿಸಿ ಸಿನಿಮಾ ತೋರಿಸಬಹುದು. ಆದರೆ ಅಭಿಪ್ರಾಯ ಕೇಳುವಾಗ ಮಾತ್ರ ಬೇರೆ ಬೇರೆ ಕೂರಿಸಬೇಕು. ಅದರಲ್ಲೂ ಥ್ರಿಲ್ಲರ್ ಆದರೆ ಇನ್ನೂ ಮುಖ್ಯ. ಒಬ್ಬರಿಗೆ ಗುಟ್ಟು ಮೊದಲೇ ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ. ಇಬ್ಬರೂ ನೋಡಿದ್ದು ಒಂದೇ ಸಿನಿಮಾ ಅಂತ ಅಂದುಕೊಂಡರೆ ಯಾರ ಮಾತೂ ಸರಿಯಾಗಿ ಅರ್ಥವಾಗುವುದಿಲ್ಲ.

2014ರಲ್ಲಿ ನಾವು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಇದ್ದೆವು. ಅಲ್ಲಿನ ಕನ್ನಡದವರೇ ಸೇರಿಕೊಂಡು ಒಂದು ಓದುಗರ ಗುಂಪು ಮಾಡಿಕೊಂಡಿದ್ದೆವು. ಪುಸ್ತಕ ಇಂಗ್ಲಿಷಿನದು, ಮಾತು ಕನ್ನಡದ್ದು, ಜೊತೆಗೆ ಚಕ್ಕುಲಿ, ಅವಲಕ್ಕಿ. ಆ ವರ್ಷ ಎಲ್ಲರ ಬಾಯಲ್ಲೂ ‘ಗಾನ್ ಗರ್ಲ್’. ಗಿಲಿಯನ್ ಫ್ಲಿನ್ ಬರೆದ ಕಾದಂಬರಿ. 2012ರಲ್ಲಿ ಬಂದು, ಮೊದಲ ವರ್ಷದಲ್ಲೇ 20 ಲಕ್ಷಕ್ಕೂ ಜಾಸ್ತಿ ಪ್ರತಿ ಖರ್ಚಾಗಿತ್ತು. ನಮ್ಮೂರಿನವರಿಗೆ ಇನ್ನೊಂದು ಕಾರಣವೂ ಇತ್ತು. ಕಥೆ ನಡೆಯುವುದು ಮಿಸೌರಿ ರಾಜ್ಯದಲ್ಲೇ, ಮಿಸಿಸಿಪ್ಪಿ ದಂಡೆಯ ಒಂದು ಕಲ್ಪಿತ ಊರಿನಲ್ಲಿ. ಅಲ್ಲಿನ ನಿಕ್ ಎಂಬವನ ಹೆಂಡತಿ ಏಮಿ ಒಂದು ದಿನ ಕಾಣೆಯಾಗುತ್ತಾಳೆ, ಅನುಮಾನ ಗಂಡನ ಮೇಲೆ. ಫ್ಲಿನ್ ಹುಟ್ಟಿ ಬೆಳೆದದ್ದು ಇದೇ ರಾಜ್ಯದ ಕನ್ಸಾಸ್ ಸಿಟಿಯಲ್ಲಿ. ಸಿನಿಮಾದ ಶೂಟಿಂಗ್ ಆಗಿದ್ದು ಕೇಪ್ ಜಿರಾರ್ಡೊದಲ್ಲಿ. ನಮ್ಮಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆ ದಾರಿ.

ಮುಂದೆ ಬರೆಯುವುದರಲ್ಲಿ ಕಥೆಯ ಗುಟ್ಟೆಲ್ಲ ಬಯಲಾಗುತ್ತದೆ. ಓದಬೇಕು, ನೋಡಬೇಕು ಅಂತ ಇರುವವರು ಇಲ್ಲೇ ನಿಲ್ಲಿಸಿ, ಆಮೇಲೆ ಬನ್ನಿ.

ಸಿನಿಮಾ ಅಕ್ಟೋಬರ್ 3ಕ್ಕೆ ಬಿಡುಗಡೆಯಾಯಿತು. ಗುಂಪಿನವರು, ಅವರ ಗಂಡಂದಿರು, ಹೆಂಡತಿಯರು, ಊರಿನಿಂದ ಮಕ್ಕಳ ಮನೆಗೆ ಬಂದಿದ್ದ ಒಬ್ಬ ಮಾಮ, ಎಲ್ಲ ಸೇರಿ ಹೊರಟೆವು. ಅರ್ಧಕ್ಕರ್ಧ ಜನ ಪುಸ್ತಕ ಓದಿದ್ದರು, ಉಳಿದವರು ಓದಿರಲಿಲ್ಲ. ಇಂಥ ಅವಕಾಶ ಮತ್ತೆ ಸಿಗಲ್ಲ ಅನಿಸಿತು. ಎಲ್ಲರ ಅಭಿಪ್ರಾಯ ಬರೆಸಿಕೊಂಡು, ಮುಂದಿನ ಸಲ ಸೇರಿದಾಗ ಅದನ್ನೇ ಇಟ್ಟುಕೊಂಡು ಮಾತಾಡೋಣ ಅಂತ ಹೇಳಿದೆ.

ಬರೆಸಿಕೊಳ್ಳುವ ಯೋಚನೆ ನನ್ನದಲ್ಲ. ಅಮೆರಿಕದಲ್ಲಿ ಸಿನೆಮಾಸ್ಕೋರ್ ಅಂತ ಒಂದು ಸಂಸ್ಥೆ ಇದೆ. ಎಡ್ ಮಿಂಟ್ಜ್ ಎಂಬವರು 1979ರಲ್ಲಿ ಶುರು ಮಾಡಿದ್ದು. ಹೊಸ ಸಿನಿಮಾ ಬಿಡುಗಡೆಯಾದ ರಾತ್ರಿ ಥಿಯೇಟರಿನಲ್ಲಿ ಪ್ರೇಕ್ಷಕರಿಗೆ ಒಂದು ಸಣ್ಣ ಕಾರ್ಡು ಕೊಡುತ್ತಾರೆ. ವಯಸ್ಸು, ಗಂಡೋ ಹೆಣ್ಣೋ, ಯಾಕೆ ಬಂದಿರಿ, ಸಿನಿಮಾಗೆ ಯಾವ ಗ್ರೇಡ್ ಕೊಡ್ತೀರಿ, ಇಂಥ ಕೆಲವೇ ಪ್ರಶ್ನೆ. ಎ ಇಂದ ಎಫ್ ತನಕ ಗ್ರೇಡ್. ಸ್ಟುಡಿಯೋದವರು ಈ ಗ್ರೇಡಿಗೆ ಕಾಯುತ್ತಾರೆ. ವಿಮರ್ಶಕರು ಏನು ಬರೆದರು ಅನ್ನುವುದಕ್ಕಿಂತ, ದುಡ್ಡು ಕೊಟ್ಟು ಬಂದವನು ಹೊರಗೆ ಹೋಗುವಾಗ ಯಾವ ಮುಖ ಹೊತ್ತು ಹೋದ ಅನ್ನುವುದು ಅವರಿಗೆ ಮುಖ್ಯ.

ನಾನೂ ಕಾರ್ಡು ಮಾಡಿದೆ. ಆದರೆ ಗ್ರೇಡ್ ಕೇಳಲಿಲ್ಲ. ನಮ್ಮವರನ್ನು ಗ್ರೇಡ್ ಕೇಳಿದರೆ ಏನು ಬರುತ್ತೆ ಅಂತ ನನಗೆ ಗೊತ್ತು. ಟಿಕೆಟ್ ಬುಕ್ ಮಾಡಿದವಳು ನಾನು. “ಚೆನ್ನಾಗಿತ್ತು, ಸ್ವಲ್ಪ ಉದ್ದ ಆಯ್ತು” ಅನ್ನುತ್ತಾರೆ. ಎರಡೂವರೆ ಗಂಟೆಗೆ ಒಂದು ನಿಮಿಷ ಕಮ್ಮಿ ಇರುವ ಸಿನಿಮಾವನ್ನು ಉದ್ದ ಅನ್ನುವುದಕ್ಕೆ ಪ್ರೇಕ್ಷಕರೇ ಬೇಕಾಗಿಲ್ಲ, ಗಡಿಯಾರ ಸಾಕು.

ಮೊದಲ ಪ್ರಶ್ನೆ: ಪುಸ್ತಕ ಪೂರ್ತಿ ಓದಿದ್ದೀರಾ, ಅರ್ಧಕ್ಕೆ ಬಿಟ್ಟಿದ್ದೀರಾ, ಮುಟ್ಟೇ ಇಲ್ವಾ? ಎರಡನೆಯದು: ನಿಕ್ ಮೇಲೆ ನಿಮಗೆ ಅನುಮಾನ ಬಂದಿದ್ದು ಯಾವ ಗಳಿಗೆಯಲ್ಲಿ, ಹೋಗಿದ್ದು ಯಾವಾಗ? ಮೂರನೆಯದು: ಯಾವ ದೃಶ್ಯದಲ್ಲಿ ಕಣ್ಣು ತಿರುಗಿಸಿದಿರಿ? ಕೊನೆಯದು: ಆಚೆ ಬರುವಾಗ ಸಿಟ್ಟು ಇದ್ದಿದ್ದು ಯಾರ ಮೇಲೆ? ಹೌದು–ಅಲ್ಲ ಅಂತ ಟಿಕ್ ಹಾಕುವ ಜಾಗ ಎಲ್ಲೂ ಇಡಲಿಲ್ಲ. ನಿಯಮ ಒಂದೇ. ಬರೆಯುವ ತನಕ ಯಾರೂ ಮಾತಾಡುವ ಹಾಗಿಲ್ಲ. ಗಂಡ ಹೆಂಡತಿ ಪಕ್ಕದಲ್ಲಿ ಕೂರುವ ಹಾಗಿಲ್ಲ. ಇದನ್ನು ಕೇಳಿ ನಕ್ಕರು. ಆದರೆ ಗಂಡ ಹೆಂಡತಿಯಲ್ಲಿ ಯಾರು ಸುಳ್ಳು, ಯಾರು ನಿಜ ಅನ್ನುವುದೇ ಕಥೆಯಾಗಿರುವಾಗ ಆ ನಿಯಮ ಬೇಕೇ ಬೇಕಿತ್ತು. ಥಿಯೇಟರಿನ ಲಾಬಿಯಲ್ಲಿ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು, ಮಂಡಿ ಮೇಲೆ ಕಾರ್ಡು ಇಟ್ಟುಕೊಂಡು ಬರೆದರು. ಪಾಪ್‌ಕಾರ್ನ್ ಮಾರುವ ಹುಡುಗ ಏನೋ ಪರೀಕ್ಷೆ ಅಂದುಕೊಂಡಿರಬೇಕು.

ಮನೆಗೆ ಬಂದು ಕಾರ್ಡುಗಳನ್ನು ಎರಡು ಕಂತೆ ಮಾಡಿದೆ. ಓದಿದವರದ್ದು ಒಂದು ಕಡೆ, ಓದದವರದ್ದು ಒಂದು ಕಡೆ. ಎರಡನೇ ಪ್ರಶ್ನೆಗೆ ಬಂದ ಉತ್ತರ ನೋಡಿ ನಾನು ಬೆಳಗಿನ ಜಾವದವರೆಗೂ ಮಲಗಲಿಲ್ಲ.

ಓದದವರಲ್ಲಿ ಬಹುತೇಕ ಎಲ್ಲರೂ ಬರೆದಿದ್ದು ಒಂದೇ ಗಳಿಗೆ. ಹೆಂಡತಿ ಕಾಣೆಯಾಗಿದ್ದಾಳೆ. ಪತ್ರಿಕೆಯವರೆಲ್ಲ ಸೇರಿದ್ದಾರೆ. ಏಮಿಯ ದೊಡ್ಡ ಫೋಟೋ ಪಕ್ಕ ನಿಂತ ನಿಕ್, ಕ್ಯಾಮೆರಾದವರು ಕೇಳಿದರು ಅಂತ ಒಂದು ಕ್ಷಣ ನಗುತ್ತಾನೆ. ಅಷ್ಟೇ. ಅದಾದ ಮೇಲೆ ಹುಡುಕಾಟಕ್ಕೆ ಬಂದ ಒಬ್ಬ ಹೆಂಗಸು ಅವನ ಭುಜಕ್ಕೆ ಭುಜ ತಾಗಿಸಿ ಸೆಲ್ಫಿ ತೆಗೆದುಕೊಳ್ಳುತ್ತಾಳೆ. ಅಲ್ಲೂ ನಗುತ್ತಾನೆ. ಅಭ್ಯಾಸಬಲ. ದಾವಣಗೆರೆ ಕಡೆಯ ಒಬ್ಬರು, ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು, ಕಾರ್ಡಿನ ಅಂಚಿನಲ್ಲಿ ಬರೆದಿದ್ದರು: “ಸಾವಿನ ಮನೇಲಿ ಸೊಸೆ ಅತ್ತಳಾ ಇಲ್ವಾ ಅಂತ ನಮ್ಮಲ್ಲೂ ನೋಡ್ತಾರೆ. ನಾನೂ ಅದನ್ನೇ ಮಾಡಿದೆ.”

ಓದಿದವರ ಕಂತೆಯಲ್ಲಿ ಆ ನಗು ಹೆಚ್ಚಾಗಿ ಇರಲೇ ಇಲ್ಲ. ಅವರ ಅನುಮಾನ ಪುಸ್ತಕದಿಂದಲೇ ಬಂದಿತ್ತು. ಕಾದಂಬರಿಯಲ್ಲಿ ನಿಕ್ ನಮ್ಮ ಹತ್ತಿರವೇ ಕೂತು ಕಥೆ ಹೇಳುತ್ತಾನೆ. ಹೇಳುತ್ತಾ ಹೇಳುತ್ತಾ, ಪೊಲೀಸರಿಗೆ ಇಲ್ಲಿಗೆ ಇಷ್ಟು ಸುಳ್ಳು ಹೇಳಿದೆ ಅಂತ ಲೆಕ್ಕ ಕೊಡುತ್ತಾನೆ. ತಾನೇ ಒಪ್ಪಿಕೊಂಡ ಮೇಲೆ ಓದುವವರು ಏನು ಮಾಡಬೇಕು? ನಂಬಲೂ ಆಗಲ್ಲ, ಬಿಡಲೂ ಆಗಲ್ಲ. ಸಿನಿಮಾದಲ್ಲಿ ಆ ಲೆಕ್ಕ ಇಲ್ಲ. ಅದರ ಕೆಲಸವನ್ನು ನಿಕ್ ಪಾತ್ರ ಮಾಡಿದ ಬೆನ್ ಅಫ್ಲೆಕ್‌ನ ಮುಖ ಮಾಡಬೇಕು. ನಿರ್ದೇಶಕ ಡೇವಿಡ್ ಫಿಂಚರ್ ಈ ಪಾತ್ರಕ್ಕೆ ನಟನನ್ನು ಹುಡುಕುವಾಗ ನಟರು ನಗುತ್ತಿರುವ ಫೋಟೋಗಳನ್ನು ಇಂಟರ್ನೆಟ್ಟಿನಲ್ಲಿ ನೋಡಿದೆ ಅಂತ ಸಂದರ್ಶನಗಳಲ್ಲಿ ಹೇಳಿದ್ದಾರೆ. ನಮ್ಮ ಕಾರ್ಡುಗಳನ್ನು ನೋಡಿದರೆ ಆ ಹುಡುಕಾಟ ದಂಡ ಆಗಿಲ್ಲ.

ಮಾಮನ ಕಾರ್ಡು ಬೇರೆಯೇ ಇತ್ತು. ತುಮಕೂರಿನಲ್ಲಿ ಮೇಷ್ಟ್ರಾಗಿ ರಿಟೈರ್ ಆದವರು. ಅನುಮಾನ ಬಂದಿದ್ದು: ನಗು ನೋಡಿ. ಹೋಗಿದ್ದು: ಹೋಗಿಲ್ಲ.

“ಮಾಮ, ಏಮಿ ಬದುಕೇ ಇದ್ದಾಳಲ್ಲ? ಎಲ್ಲ ಅವಳದ್ದೇ ನಾಟಕ ಅಂತ ಗೊತ್ತಾಯ್ತಲ್ಲ?” ಅಂದೆ.

“ಇದ್ರೆ ಏನಮ್ಮ? ಕೊಲೆ ಮಾಡಿಲ್ಲ ಅಂದ ಮಾತ್ರಕ್ಕೆ ಸಾಚಾ ಅಂತ ಆಯ್ತಾ? ಹೆಂಡತಿ ಇರುವಾಗಲೇ ಆ ಹುಡುಗಿ ಜೊತೆ ಓಡಾಡ್ತಿದ್ದದ್ದು ಯಾರು?”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಗುಂಪಿನ ಮುಂದಿನ ಸಭೆಯ ಅರ್ಧ ಸಮಯ ಮಾಮನ ಈ ಒಂದು ಮಾತಿನ ಮೇಲೇ ಕಳೆಯಿತು. ಸಿನಿಮಾ ಹೇಗಿತ್ತು ಅಂತ ಕೇಳಿದ್ದರೆ ಅವರು “ಪರವಾಗಿಲ್ಲಮ್ಮ” ಅಂದು ಕಾಫಿ ಕುಡಿಯುತ್ತಿದ್ದರು.

ಕಣ್ಣು ತಿರುಗಿಸಿದ ದೃಶ್ಯ ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ. ಏಮಿ ತನ್ನ ಹಳೆಯ ಗೆಳೆಯ ಡೆಸಿಯನ್ನು ಕೊಲ್ಲುವುದು. ಪುಸ್ತಕದಲ್ಲಿ ಫ್ಲಿನ್ ಆ ಕೊಲೆಯನ್ನು ಹೀಗೆ ಕಣ್ಣೆದುರು ನಡೆಸುವುದಿಲ್ಲ. ಫಿಂಚರ್ ಏನೂ ಬಚ್ಚಿಡದೆ ತೋರಿಸುತ್ತಾರೆ. ಇಲ್ಲಿ ಬೆಚ್ಚಿದ್ದು ಓದಿದವರೇ ಜಾಸ್ತಿ. ಕಥೆ ಪೂರ್ತಿ ಗೊತ್ತು ಅಂತ ಆರಾಮಾಗಿ ಒರಗಿ ಕೂತಿದ್ದರಲ್ಲ, ಅದಕ್ಕೆ.

ಇನ್ನು ಡೈರಿ. ಕಾದಂಬರಿಯ ಮೊದಲ ಅರ್ಧದಲ್ಲಿ ನಿಕ್‌ನ ಒಂದು ಅಧ್ಯಾಯ, ಏಮಿಯ ಡೈರಿಯ ಒಂದು ಅಧ್ಯಾಯ, ಹೀಗೆ ಸಾಗುತ್ತದೆ. ಆ ಡೈರಿಯ ಏಮಿಯನ್ನು ನಾವು ಪ್ರೀತಿಸಲು ಶುರು ಮಾಡಿರುತ್ತೇವೆ. ಆಮೇಲೆ ಎಲ್ಲ ಗಂಡನನ್ನು ಸಿಕ್ಕಿಹಾಕಿಸಲು ಬರೆದ ಕಟ್ಟುಕಥೆ ಅಂತ ಗೊತ್ತಾಗುತ್ತದೆ. ಓದಿದವರೆಲ್ಲ ದೂರಿದ್ದು ಇದನ್ನೇ. ಸಿನಿಮಾದಲ್ಲಿ ಸುಮಾರು ಒಂದು ಗಂಟೆಯಲ್ಲೇ ಗುಟ್ಟು ಒಡೆಯುತ್ತೆ, ಮೋಸ ಹೋಗುವಷ್ಟು ಹೊತ್ತು ಅವಳ ಜೊತೆ ಇರಲು ಬಿಡಲಿಲ್ಲ ಅಂತ. ನನ್ನ ಮಟ್ಟಿಗೆ ಇದು ಸರಿಯಾದ ದೂರು. ಆದರೆ ಓದದವರ ಕಂತೆಯಲ್ಲಿ ಅದರ ಸುಳಿವೂ ಇಲ್ಲ. ಕಾರು ಓಡಿಸುತ್ತಾ ಏಮಿ ಡೈರಿ ಬರೆದ ಪೆನ್ನುಗಳನ್ನು ಒಂದೊಂದಾಗಿ ಕಿಟಕಿಯಿಂದ ಆಚೆ ಎಸೆಯುತ್ತಾಳಲ್ಲ, ಅಲ್ಲಿ ಥಿಯೇಟರಿನಲ್ಲಿ ಉಸಿರು ಕಟ್ಟಿದ ಹಾಗಾಯಿತು ಅಂತ ಅವರೇ ಬರೆದಿದ್ದರು. ಗಂಡಸಿಗೆ ಬೇಕಾದ ಹಾಗೆ ‘ಕೂಲ್’ ಆಗಿ ನಟಿಸುವ ಹೆಂಗಸರ ಬಗ್ಗೆ ಅವಳು ಅಲ್ಲೇ ಮಾತಾಡುವುದು. ಓದಿದ ಹೆಂಗಸರಿಗೆ ಆ ಪುಟ ಅರ್ಧ ಬಾಯಿಪಾಠವಾಗಿತ್ತು. ಸಿನಿಮಾದಲ್ಲಿ ಅದನ್ನು ಕತ್ತರಿಸಿದ್ದಕ್ಕೆ ಮುನಿಸು.

ಎಲ್ಲರೂ ಮೆಚ್ಚಿದರು ಅಂತಲ್ಲ. ಅದೇ ನರ್ಸ್ ಅಕ್ಕ ಕೊನೆಯ ಪ್ರಶ್ನೆಗೆ ಉತ್ತರವಾಗಿ ‘ಬರೆದವಳ ಮೇಲೆ’ ಅಂತ ಬರೆದಿದ್ದರು. ಹೆಣ್ಣೊಬ್ಬಳು ಸುಳ್ಳು ದೂರು ಕೊಡುವ ಕಥೆ ಇಷ್ಟು ಜನಪ್ರಿಯವಾದರೆ ನಾಳೆ ನಿಜವಾಗಿ ಪೆಟ್ಟು ತಿಂದು ಬಂದವಳನ್ನು ಯಾರು ನಂಬ್ತಾರೆ ಅನ್ನುವುದು ಅವರ ಪ್ರಶ್ನೆ. ಅಂಥವರನ್ನು ಕೆಲಸದಲ್ಲಿ ನೋಡಿದವರ ಮಾತು ಅದು. ಆಗ ಅಮೆರಿಕದ ಪತ್ರಿಕೆಗಳಲ್ಲೂ ಇದೇ ಜಗಳ ನಡೆಯುತ್ತಿತ್ತು. ಕೆಟ್ಟ ಗಂಡಸರ ಕಥೆ ಬರೆಯಬಹುದಾದರೆ ಕೆಟ್ಟ ಹೆಂಗಸಿನ ಕಥೆ ಯಾಕೆ ಬರೆಯಬಾರದು ಅನ್ನುವುದು ಫ್ಲಿನ್ ವಾದ. ನಮ್ಮ ಗುಂಪಿನ ಕಿರಿಯರು ಫ್ಲಿನ್ ಕಡೆ. ನಾನು ಎರಡೂ ಕಡೆ ತಲೆ ಆಡಿಸುತ್ತಾ ಚಹಾ ಸೋಸುತ್ತಿದ್ದೆ.

ಕೊನೆಯ ವಿಷಯಕ್ಕೆ ಬರುತ್ತೇನೆ. ಚಿತ್ರಕಥೆಯನ್ನೂ ಫ್ಲಿನ್ ಅವರೇ ಬರೆದಿದ್ದರು. ಮುಕ್ತಾಯದ ಭಾಗವನ್ನು ಪೂರ್ತಿ ಬದಲಿಸಿದ್ದಾರಂತೆ ಅಂತ ಆ ವರ್ಷದ ಆರಂಭದಲ್ಲಿ ಸುದ್ದಿ ಹಬ್ಬಿತ್ತು. ಓದಿದವರು ಅದನ್ನೇ ಕಾಯುತ್ತಾ ಕೂತಿದ್ದರು. ನೋಡಿದರೆ ಕೊನೆ ಹೆಚ್ಚು ಕಮ್ಮಿ ಪುಸ್ತಕದ್ದೇ. ಏಮಿ ವಾಪಸ್ ಬರುತ್ತಾಳೆ, ಗರ್ಭಿಣಿ ಅನ್ನುತ್ತಾಳೆ, ನಿಕ್ ಅಲ್ಲೇ ಉಳಿಯುತ್ತಾನೆ. ಓದಿದವರು ನಿಟ್ಟುಸಿರು ಬಿಟ್ಟರು, ಸದ್ಯ ಹಾಳು ಮಾಡಲಿಲ್ಲ ಅಂತ. ಓದದವರು ಕೆಂಡಾಮಂಡಲ. “ಇದೇನು ಮುಗಿಸಿದ್ದು? ಶಿಕ್ಷೆ ಬೇಡ್ವಾ?” ಅವರ ಸಿಟ್ಟು ನಿಕ್ ಮೇಲೂ ಅಲ್ಲ, ಏಮಿ ಮೇಲೂ ಅಲ್ಲ. ನೇರವಾಗಿ ನಿರ್ದೇಶಕರ ಮೇಲೆ.

ಸಿನೆಮಾಸ್ಕೋರ್‌ನಲ್ಲಿ ಈ ಸಿನಿಮಾಗೆ ಸಿಕ್ಕಿದ್ದು ಬಿ. ಅಲ್ಲಿನ ಲೆಕ್ಕದಲ್ಲಿ ಅದು ಅಂಥ ಹೊಗಳಿಕೆ ಅಲ್ಲ. ನಮ್ಮ ಓದದವರ ಕಂತೆ ನೋಡಿದ್ದ ನನಗೆ ಆಶ್ಚರ್ಯ ಆಗಲಿಲ್ಲ. ಆದರೆ ದುಡ್ಡಿನ ಲೆಕ್ಕ ಬೇರೆ ಹೇಳಿತು. ಮೊದಲ ವಾರಾಂತ್ಯದಲ್ಲಿ ಅಮೆರಿಕ, ಕೆನಡಾ ಸೇರಿ ಸುಮಾರು 3.75 ಕೋಟಿ ಡಾಲರ್. ಕೊನೆಗೆ ಅಲ್ಲಿಯೇ 16 ಕೋಟಿ ಡಾಲರ್ ದಾಟಿತು. ಅಂದರೆ ಜನ ವಾರಗಟ್ಟಲೆ ಬರುತ್ತಲೇ ಇದ್ದರು. ಬಾಗಿಲಲ್ಲಿ ಬೈದುಕೊಂಡು ಹೋದವರೇ ಮನೆಗೆ ಹೋಗಿ ಮಾತಾಡಿರಬೇಕು, ಆಫೀಸಿನಲ್ಲಿ ಮಾತಾಡಿರಬೇಕು. ನೀನೂ ನೋಡು, ಆಮೇಲೆ ಹೇಳು ಅಂದಿರಬೇಕು.

ಇದು ಬರೀ ಊಹೆ ಅಲ್ಲ. ಕೆಲವು ವಾರ ಬಿಟ್ಟು ಎಲ್ಲರಿಗೂ ಫೋನ್ ಮಾಡಿದೆ. ಆ ಕೊನೆಯ ಪ್ರಶ್ನೆಯನ್ನಷ್ಟೇ ಮತ್ತೆ ಕೇಳಿದೆ. ಕಾರ್ಡು ನನ್ನ ಕೈಯಲ್ಲೇ ಇತ್ತು, ಆದರೆ ಓದಿ ಹೇಳಲಿಲ್ಲ. ನಿರ್ದೇಶಕರನ್ನು ಬೈದಿದ್ದ ಒಬ್ಬ ಹುಡುಗ, ಸಾಫ್ಟ್‌ವೇರಿನವನು, ಈಗ ಪುಸ್ತಕ ಓದುತ್ತಿದ್ದ. “ಅಕ್ಕಾ, ಈಗ ಸಿಟ್ಟು ಏಮಿಯ ಅಪ್ಪ ಅಮ್ಮನ ಮೇಲೆ” ಅಂದ. ಮಗಳ ಬಾಲ್ಯವನ್ನೇ ಮಕ್ಕಳ ಕಥೆಪುಸ್ತಕ ಮಾಡಿ ಮಾರಿದವರು ಅವರು. ಪುಸ್ತಕದಲ್ಲಿ ಅವರಿಗೆ ಸಾಕಷ್ಟು ಜಾಗ ಇದೆ, ಸಿನಿಮಾದಲ್ಲಿ ಬಂದು ಹೋಗುತ್ತಾರೆ. ಅವನ ಉತ್ತರ ಒಂದು ಕಂತೆಯಿಂದ ಇನ್ನೊಂದಕ್ಕೆ ದಾಟಿತ್ತು. ಅವನ ಹೆಸರಿನ ಮುಂದೆ ಹೊಸ ತಾರೀಖು ಹಾಕಿ ಬರೆದುಕೊಂಡೆ. ಈಗಲೂ ಎರಡು ಸಲ ಕೇಳುತ್ತೇನೆ. ಬಾಗಿಲಲ್ಲಿ ಒಮ್ಮೆ, ವಾರಗಳ ನಂತರ ಒಮ್ಮೆ.

2016ರಲ್ಲಿ ‘ದ ಗರ್ಲ್ ಆನ್ ದ ಟ್ರೇನ್’ ಬಂದಾಗ ಇದೇ ಕಾರ್ಡು ಹಿಡಿದು ಹೋದೆವು. ಪೌಲಾ ಹಾಕಿನ್ಸ್ ಅವರ ಕಾದಂಬರಿ ಲಂಡನ್ನಿನ ಲೋಕಲ್ ಟ್ರೇನಿನದು, ಸಿನಿಮಾ ಅದನ್ನು ನ್ಯೂಯಾರ್ಕಿಗೆ ಎತ್ತಿಕೊಂಡು ಹೋಗಿತ್ತು. ಓದಿದವರ ಕಾರ್ಡಿನಲ್ಲಿ ಕೊಲೆಗಿಂತ ಜಾಸ್ತಿ ಮನೆಗಳ ಬಗ್ಗೆ ಇತ್ತು. ಹಳಿ ಪಕ್ಕದ ಸಾಧಾರಣ ಮನೆ ಇರಬೇಕಾದ ಕಡೆ ಬಂಗಲೆ ಇಟ್ಟಿದ್ದಾರೆ, ಆ ಬಂಗಲೆಗೆ ಹೊಟ್ಟೆಕಿಚ್ಚು ಬರಲ್ಲ, ಅಂತ. ಓದದವರು ನಾಯಕಿ ಎಮಿಲಿ ಬ್ಲಂಟ್ ಕುಡಿದು ತೂರಾಡುವುದನ್ನೇ ಬರೆದರು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ, 2021ರಲ್ಲಿ, ಪರಿಣೀತಿ ಚೋಪ್ರಾ ನಟಿಸಿದ ಅದರ ಹಿಂದಿ ಅವತಾರ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಈ ಸಲ ಕಾರ್ಡು ಇಲ್ಲ, ವಾಟ್ಸಾಪ್. ಉತ್ತರವನ್ನು ಗುಂಪಿಗೆ ಹಾಕಬೇಡಿ, ನನಗೊಬ್ಬಳಿಗೇ ಕಳಿಸಿ ಅಂತ ಮೊದಲೇ ಹೇಳಿದ್ದೆ. ಒಂದು ಪ್ರಶ್ನೆ ಹೊಸದಾಗಿ ಸೇರಿತು: ಇಂಗ್ಲಿಷ್ ಸಿನಿಮಾ ನೋಡಿದ್ದೀರಾ? ಹಾಗಾಗಿ ಕಂತೆ ಮೂರಾಯಿತು. ಹಿಂದಿಯವರು ಕೊನೆಗೆ ಬೇರೆ ತಿರುವು ಕೊಟ್ಟಿದ್ದರು. ಪುಸ್ತಕ ಓದಿದವರೂ ಬೇಸ್ತು ಬಿದ್ದರು. ಅದಕ್ಕೆ ಅವರು ಖುಷಿ ಪಡುತ್ತಾರೆ ಅಂದುಕೊಂಡಿದ್ದೆ. ಎಲ್ಲರಿಗಿಂತ ಉದ್ದದ ವಾಯ್ಸ್ ಮೆಸೇಜ್ ಬಂದಿದ್ದು ಅವರಿಂದಲೇ, ಎಲ್ಲವೂ ಬೈಗುಳ.