ನಳಿಗೆಯ ಕೊಳೆ ಯಾವುದೆಂದು ತಿಳಿದ ಮೇಲೆ ದ್ರಾವಣ ಕೊಳ್ಳಿ

ರೈಫಲ್ಲಿನ ನಳಿಗೆಗೆ ಯಾವ ದ್ರಾವಣ ಒಳ್ಳೆಯದು ಎಂದು ಕೇಳಿದವರಿಗೆ ನಾನು ಉತ್ತರ ಕೊಡುವ ಮೊದಲು, ನಿಮ್ಮ ನಳಿಗೆಯೊಳಗೆ ಕೂತಿರುವ ಕೊಳೆ ಯಾವುದು ಎಂದು ಮರಳಿ ಕೇಳುತ್ತೇನೆ. ಮದ್ದು ಉರಿದು ಉಳಿದ ಮಸಿ ಒಂದು ಬಗೆ. ತಾಮ್ರದ ಹೊದಿಕೆಯ ಗುಂಡು ಒಳಗಿನ ಸುರುಳಿ ಗೆರೆಗಳಿಗೆ ಉಜ್ಜಿಕೊಂಡು ಹೋಗುವಾಗ ಬಿಡುವ ತಾಮ್ರದ ಲೇಪ ಇನ್ನೊಂದು. ಹೊದಿಕೆಯಿಲ್ಲದ ಗುಂಡಿನಿಂದ ಅಂಟಿದ ಸೀಸ ಮತ್ತೊಂದು. ಒಂದಕ್ಕೆ ಆಗುವ ದ್ರಾವಣ ಇನ್ನೊಂದಕ್ಕೆ ಆಗಲೇಬೇಕೆಂದೇನೂ ಇಲ್ಲ. ಎಲ್ಲವನ್ನೂ ಒಂದೇ ಬಾಟಲಿಯಲ್ಲಿ ಮುಗಿಸುತ್ತೇವೆಂದು ಹೇಳುವ ಸರಕುಗಳು ಸಾಧಾರಣ ಬಳಕೆಗೆ ಸಾಕಾಗುತ್ತವೆಯಾದರೂ, ವರ್ಷಗಟ್ಟಲೆ ಕೂತ ಕೊಳೆಯ ಮುಂದೆ ಅವುಗಳ ಆಟ ನಡೆಯುವುದು ಕಡಿಮೆ.

ಯಾವ ಬಾಟಲಿಯ ಮುಚ್ಚಳ ತೆಗೆಯುವುದಕ್ಕೂ ಮುಂಚೆ ತೋಟಾ ತುಂಬುವ ಮ್ಯಾಗಜಿನ್ ಕಳಚಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಹೊರತೆಗೆದು, ತೋಟಾ ಕೂರುವ ಗೂಡಿನಲ್ಲಿ ಏನೂ ಉಳಿದಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು. ತೋಟಾಗಳ ಪೆಟ್ಟಿಗೆ ಬೇರೆ ಕೋಣೆಯಲ್ಲಿರಲಿ.

ಮಸಿಯ ವಿಷಯ ಸುಲಭ. ಹಾಪ್ಸ್ ನಂಬರ್ 9 ಎಂಬ ದ್ರಾವಣ 1903ರಿಂದ ಈ ಕೆಲಸಕ್ಕೇ ಹೆಸರಾಗಿದೆ, ಅದೇ ಬಗೆಯವು ಇನ್ನೂ ಹಲವಿವೆ. ಸೀಮೆಎಣ್ಣೆಯೂ ಹಸಿ ಮಸಿಯನ್ನು ಸಡಿಲಿಸುತ್ತದೆ, ಆದರೆ ತಾಮ್ರಕ್ಕೆ ಅದು ಏನೂ ಮಾಡುವುದಿಲ್ಲ. ಪೆಟ್ರೋಲನ್ನು ಮಾತ್ರ ಮನೆಯೊಳಗೆ ಈ ಕೆಲಸಕ್ಕೆ ತರಲೇಬಾರದು. ಅದರ ಆವಿಗೆ ಬೆಂಕಿ ಹತ್ತಲು ಒಂದು ಸಣ್ಣ ಕಿಡಿ ಸಾಕು.

ಜನ ಹೆಚ್ಚು ತಪ್ಪುವುದು ತಾಮ್ರದ ವಿಷಯದಲ್ಲಿ. ನಳಿಗೆಯ ಬಾಯಿಗೆ ಬೆಳಕು ಬಿಟ್ಟು ನೋಡಿದಾಗ ಗೆರೆಗಳ ಮೇಲೆ ಕೆಂಪು ಛಾಯೆ ಕಂಡರೆ ಅದು ತಾಮ್ರ. ಅದನ್ನು ತೆಗೆಯುವ ಪ್ರಬಲ ದ್ರಾವಣಗಳಲ್ಲಿ ಸಾಮಾನ್ಯವಾಗಿ ಅಮೋನಿಯಾ ಇರುತ್ತದೆ, ಅದು ತಾಮ್ರವನ್ನು ಕರಗಿಸಿದಾಗ ರಾಡಿನ ತುದಿಗೆ ಸಿಕ್ಕಿಸಿ ನಳಿಗೆಯಲ್ಲಿ ಹಾಯಿಸಿದ ಬಟ್ಟೆ ತುಂಡು ನೀಲಿ ಅಥವಾ ಹಸಿರಾಗಿ ಹೊರಬರುತ್ತದೆ. ಲೇಬಲ್ಲಿನಲ್ಲಿ ಬರೆದ ಅವಧಿಯನ್ನು ಮೀರಿ ಅದನ್ನು ಒಳಗೆ ಬಿಡಬಾರದು. ರಾತ್ರಿಯಿಡೀ ನೆನೆಸಿಟ್ಟರೆ ಇನ್ನೂ ಚೆನ್ನಾಗಿ ಶುಚಿಯಾಗುತ್ತದೆ ಎಂಬ ಎಣಿಕೆ ಉಕ್ಕಿಗೇ ಕುತ್ತು ತರಬಹುದು. ಅಮೋನಿಯಾ ಇಲ್ಲದ ತಾಮ್ರ ದ್ರಾವಣಗಳೂ ಸಿಗುತ್ತವೆ, ಅವು ಮೂಗಿಗೆ ಹಿತ. ವಾಸನೆ ತಡೆಯದವರಿಗೂ, ಕಿಟಕಿ ತೆರೆದಿಡಲು ಅನುಕೂಲವಿಲ್ಲದವರಿಗೂ ನಾನು ಅವನ್ನೇ ಸೂಚಿಸುತ್ತೇನೆ, ಸ್ವಲ್ಪ ಹೆಚ್ಚು ಹೊತ್ತು ಹಿಡಿದರೂ ಚಿಂತೆಯಿಲ್ಲ.

ಇಲ್ಲಿ ನನ್ನದೇ ಪೆದ್ದುತನವೊಂದನ್ನು ಹೇಳಬೇಕು. ಎಷ್ಟು ತಿಕ್ಕಿದರೂ ಬಟ್ಟೆ ನೀಲಿಯಾಗಿಯೇ ಬರುತ್ತಿದೆಯೆಂದು ಒಮ್ಮೆ ಮೂರು ಸಂಜೆ ಹೆಣಗಿದ್ದೆ. ಕೊನೆಗೆ ತಿಳಿದದ್ದೇನೆಂದರೆ, ಆ ನೀಲಿ ಬಂದದ್ದು ನಳಿಗೆಯಿಂದಲ್ಲ, ನನ್ನ ಕಂಚಿನ ಬ್ರಷ್ಷಿನಿಂದ. ಕಂಚಿನಲ್ಲಿಯೂ ಹಿತ್ತಾಳೆಯಲ್ಲಿಯೂ ತಾಮ್ರವೇ ಇರುವುದರಿಂದ ದ್ರಾವಣ ಅವುಗಳನ್ನೂ ಕರಗಿಸುತ್ತದೆ. ಆದ್ದರಿಂದ ತಾಮ್ರ ತೆಗೆಯುವಾಗ ನೈಲಾನ್ ಬ್ರಷ್ ಬಳಸಿ, ರಾಡಿನಲ್ಲಿ ಬಟ್ಟೆ ಸಿಕ್ಕಿಸುವ ತುದಿಯೂ ಹಿತ್ತಾಳೆಯದಾಗಿರದಂತೆ ನೋಡಿಕೊಳ್ಳಿ. ಬ್ರಷ್ಷನ್ನು ನೇರ ಬಾಟಲಿಯಲ್ಲಿ ಅದ್ದುವುದೂ ಬೇಡ, ಕೊಳೆ ಒಳಗೆ ಸೇರಿ ಇಡೀ ಬಾಟಲಿ ಕೆಡುತ್ತದೆ; ಡ್ರಾಪರ್‌ನಿಂದ ಬ್ರಷ್ಷಿನ ಮೇಲೆ ಹನಿಸಿದರೆ ಸಾಕು.

ಕರಿಮದ್ದಿನ ಬಂದೂಕಿಗೆ ಈ ಲೆಕ್ಕವೆಲ್ಲ ತಲೆಕೆಳಗು. ಕರಿಮದ್ದು ಉರಿದು ಉಳಿಯುವುದರಲ್ಲಿ ಪೊಟ್ಯಾಸಿಯಂ ಲವಣಗಳು ಹೆಚ್ಚು, ಅವು ಗಾಳಿಯ ತೇವವನ್ನು ಹೀರಿ ಉಕ್ಕಿಗೆ ಬೇಗ ತುಕ್ಕು ಹಿಡಿಸುತ್ತವೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲವೆಂಬುದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು, ಬಂದೂಕಿನ ಮುಂದೆ ಕೂತಾಗ ಮಾತ್ರ ಮರೆಯುತ್ತೇವೆ. ಇದಕ್ಕೆ ಸಾಬೂನು ಬೆರೆಸಿದ ಬಿಸಿನೀರೇ ತಕ್ಕ ಸರಕು. ಮದ್ದಿಗೆ ಕಿಡಿ ಹೊತ್ತಿಸುವ ಕೇಪಿನಲ್ಲಿ ಕ್ಲೋರೇಟ್ ಇರುವ ಹಳೆಯ ಸೈನಿಕ ತೋಟಾಗಳನ್ನು ಹಾರಿಸಿದ ನಳಿಗೆಗೂ ಇದೇ ಮಾತು ಸಲ್ಲುತ್ತದೆ, ಏಕೆಂದರೆ ಅವು ಪೊಟ್ಯಾಸಿಯಂ ಕ್ಲೋರೈಡನ್ನು ಬಿಟ್ಟುಹೋಗುತ್ತವೆ. ಅದೇ ದಿನ ತೊಳೆದು, ಒಣ ಬಟ್ಟೆ ಒಣಗಿಯೇ ಹೊರಬರುವವರೆಗೆ ಒರೆಸಿ, ಉಕ್ಕು ಬೆಚ್ಚಗಿರುವಾಗಲೇ ಎಣ್ಣೆ ಸವರಬೇಕು. ಸ್ಟೇನ್‌ಲೆಸ್ ನಳಿಗೆಗೆ ಇದು ಬೇಡವೆನ್ನುವವರಿದ್ದಾರೆ; ಉಪ್ಪು ಅದರಲ್ಲಿಯೂ ಗುಳಿ ಬೀಳಿಸುತ್ತದೆ.

ಸೀಸಕ್ಕೆ ದ್ರಾವಣಕ್ಕಿಂತ ಅಳತೆಗೆ ಸರಿಯಾದ ಕಂಚಿನ ಬ್ರಷ್ ಹೆಚ್ಚು ಕೆಲಸ ಮಾಡುತ್ತದೆ. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಸೀಸ ಕರಗಿಸುವ ಉಪಾಯವೊಂದು ಬಾಯಿಂದ ಬಾಯಿಗೆ ಹರಡಿದೆ. ದಯವಿಟ್ಟು ಅದರ ತಂಟೆಗೆ ಹೋಗಬೇಡಿ, ಏಕೆಂದರೆ ಕರಗಿದ ಸೀಸ ಅಲ್ಲಿ ಸೀಸದ ಅಸಿಟೇಟ್ ಎಂಬ ವಿಷವಾಗಿ ನೀರಿನಲ್ಲಿಯೇ ಉಳಿಯುತ್ತದೆ, ಚರ್ಮದ ಮೂಲಕವೂ ಮೈಗೆ ಇಳಿಯಬಲ್ಲದು, ಜೊತೆಗೆ ಆ ಮಿಶ್ರಣ ಉಕ್ಕನ್ನೂ ತಿನ್ನುತ್ತದೆ. ಅಮೋನಿಯಾ ಇರುವ ದ್ರಾವಣದ ಬಳಿ ಬ್ಲೀಚಿಂಗ್ ಸರಕೂ ಬರಬಾರದು. ಎರಡೂ ಕೂಡಿದರೆ ವಿಷಗಾಳಿ ಹುಟ್ಟುತ್ತದೆ. ಬಂದೂಕಿನದೇ ಎರಡು ದ್ರಾವಣಗಳನ್ನು ಬಳಸುವುದಿದ್ದರೂ ಮೊದಲನೆಯದನ್ನು ಪೂರ್ತಿ ಒರೆಸಿ ತೆಗೆದ ಮೇಲೆಯೇ ಎರಡನೆಯದನ್ನು ಹಾಕಿ. ಕೈಗೆ ನೈಟ್ರೈಲ್ ಗವಸು ಇರಲಿ, ಒರೆಸಿದ ಬಟ್ಟೆಗಳನ್ನು ಮಕ್ಕಳ ಕೈಗೆ ಸಿಗದಂತೆ ಮುಚ್ಚಿದ ಡಬ್ಬಿಗೆ ಹಾಕಿ.

ಏರ್ ರೈಫಲ್ ಇರುವವರು ಮೇಲಿನ ದ್ರಾವಣಗಳಲ್ಲಿ ಯಾವುದನ್ನೂ ಕೊಳ್ಳಬೇಕಾಗಿಲ್ಲ. ಅಲ್ಲಿ ಮದ್ದಿಲ್ಲ, ಮಸಿಯೂ ಇಲ್ಲ. ಪೆಟ್ರೋಲಿಯಂ ದ್ರಾವಣ ಗಾಳಿ ಒತ್ತುವ ಕೊಳವೆಗೆ ಇಳಿದರೆ ಒತ್ತಡದ ಕಾವಿಗೆ ಹೊತ್ತಿಕೊಳ್ಳಬಹುದು, ಸೀಲುಗಳೂ ಹಾಳಾಗಬಹುದು. ಒಣ ಫೆಲ್ಟ್ ಅಥವಾ ಬಟ್ಟೆಯ ತುಂಡು ಹಾಯಿಸಿದರೆ ಆಯಿತು.

ಉಜ್ಜುಪುಡಿಯಿರುವ ಪೇಸ್ಟು ಕೊಳೆಯನ್ನೂ ಉಕ್ಕನ್ನೂ ಬೇರ್ಪಡಿಸಿ ನೋಡುವುದಿಲ್ಲ, ಹಾಗಾಗಿ ಬೇರೆಲ್ಲ ಸೋತ ಮೇಲೆಯೇ ಅದು. ರಾಡು ಮಾತ್ರ ಒಳ್ಳೆಯದನ್ನೇ ಕೊಳ್ಳಿ: ಒಂದೇ ತುಂಡಿನದು, ನಯವಾದ ಹೊದಿಕೆಯಿರುವುದು. ಮೂರು ತುಂಡು ಜೋಡಿಸುವ ಅಗ್ಗದ ರಾಡುಗಳ ಸಂದಿಯಲ್ಲಿ ಮರಳು ಕೂತು ನಳಿಗೆಯನ್ನು ಗೀರುತ್ತದೆ. ಸಾಧ್ಯವಿದ್ದಲ್ಲೆಲ್ಲ ಹಿಂಬದಿಯಿಂದಲೇ ತೂರಿಸಬೇಕು, ಏಕೆಂದರೆ ಗುಂಡು ಕಟ್ಟಕಡೆಗೆ ಮುಟ್ಟುವ ಬಾಯಿಯ ಅಂಚು ಸವೆದರೆ ಗುರಿಯೇ ಕೆಡುತ್ತದೆ.

ಕೊನೆಯದು ಎಣ್ಣೆ. ಡಬ್ಲ್ಯೂಡಿ-40 ನೀರನ್ನು ಓಡಿಸುವುದಕ್ಕೆಂದು ಹುಟ್ಟಿದ್ದು, ತೊಳೆದ ಮೇಲೆ ತೇವ ತೆಗೆಯಲು ಚೆನ್ನ. ತಿಂಗಳುಗಟ್ಟಲೆ ಇಡುವುದಿದ್ದರೆ ತುಕ್ಕು ತಡೆಯುವ ಬಂದೂಕಿನ ಎಣ್ಣೆಯನ್ನೇ ಸವರಿ. ಅಡುಗೆ ಎಣ್ಣೆ ಬೇಡ, ಅದು ಕಾಲ ಕಳೆದಂತೆ ಅಂಟಾಗಿ ಗಟ್ಟಿಯಾಗುತ್ತದೆ. ಪದರ ತೆಳುವಾಗಿರಲಿ, ಹೆಚ್ಚಾದದ್ದು ಕೆಳಗಿಳಿದು ಹಿಡಿಯ ಮರವನ್ನು ಮೆದುವಾಗಿಸುತ್ತದೆ, ಆದ್ದರಿಂದ ಮೊದಲ ದಿನ ಬಾಯಿ ಕೆಳಗಾಗುವಂತೆ ಒರಗಿಸಿಡುವುದು ನನ್ನ ಪದ್ಧತಿ. ಮತ್ತೆ ಹಾರಿಸುವ ಮುನ್ನ ಒಂದೆರಡು ಒಣ ಬಟ್ಟೆ ಹಾಯಿಸಿ ಆ ಎಣ್ಣೆಯನ್ನು ಪೂರ್ತಿ ತೆಗೆಯಬೇಕು. ಎಣ್ಣೆಯುಳಿದ ನಳಿಗೆಯಲ್ಲಿ ಮೊದಲ ಗುಂಡು ಬೇರೆಡೆ ಬೀಳುತ್ತದೆ, ತುಂಬ ಉಳಿದಿದ್ದರೆ ಒತ್ತಡವೂ ಅಪಾಯದ ಮಟ್ಟಕ್ಕೆ ಏರಬಹುದು.