ಸೀಬೆಗೆ ಗೂಟಿ ಕಟ್ಟಿ: ಕೊಂಬೆಯಲ್ಲೇ ಬೇರು ಬರಿಸುವ ಬಗೆ

ಹಣ್ಣು ರುಚಿಯಾಗಿದೆ ಎಂದು ಸೀಬೆಯ ಬೀಜ ಬಿತ್ತಿದರೆ ಅದೇ ರುಚಿ ಮರಳಿ ಬರುತ್ತದೆಂಬ ಭರವಸೆಯಿಲ್ಲ. ಗೂಟಿ ಕಟ್ಟಿದರೆ ತಾಯಿಮರದ ಗುಣವೇ ಕೈಗೆ ಬರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಗಾಲ ಇದಕ್ಕೆ ಹದವಾದ ಸಮಯ.

ಪೆನ್ಸಿಲ್ ದಪ್ಪದ, ರೋಗವಿಲ್ಲದ, ಸುಮಾರು ಒಂದು ವರ್ಷದ ಕೊಂಬೆಯನ್ನು ಆರಿಸಿಕೊಳ್ಳಿ. ತುದಿಯಿಂದ ಒಂದೂವರೆ ಅಡಿ ಹಿಂದೆ, ಗಿಣ್ಣಿಗೆ ತುಸು ಕೆಳಗೆ, ಹರಿತವಾದ ಚಾಕುವಿನಿಂದ 2.5 ಸೆಂ.ಮೀ. ಅಗಲದ ತೊಗಟೆಯನ್ನು ಉಂಗುರದಂತೆ ಸುಲಿಯಿರಿ.

ಕೊಂಬೆ ಒಣಗುವುದಿಲ್ಲವೇ? ಇಲ್ಲ. ಬೇರಿನಿಂದ ನೀರನ್ನು ಮೇಲೇರಿಸುವ ಕ್ಸೈಲಂ ಅಂಗಾಂಶ ಒಳಗಿನ ಕಟ್ಟಿಗೆಯಲ್ಲಿ ಹಾಗೆಯೇ ಉಳಿದಿದೆ. ತೊಗಟೆಯೊಂದಿಗೆ ಹೋದದ್ದು ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕೆಳಗಿಳಿಸುವ ಫ್ಲೋಯಂ ಮಾತ್ರ. ಆ ಸಕ್ಕರೆಯೂ ಚಿಗುರಿನಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನೂ ಈಗ ಗಾಯದ ಮೇಲಂಚಿನಲ್ಲಿ ಶೇಖರವಾಗುತ್ತವೆ. ಹೀಗೆ ತೊಗಟೆ ತೆಗೆದಾಗ ಮೇಲಂಚು ಉಬ್ಬುವುದನ್ನು 17ನೇ ಶತಮಾನದಲ್ಲೇ ಇಟಲಿಯ ವಿಜ್ಞಾನಿ ಮಾರ್ಚೆಲ್ಲೊ ಮಾಲ್ಪೀಗಿ ಗಮನಿಸಿದ್ದರು.

ಮುಂದಿನ ಹಂತವನ್ನೇ ಹೆಚ್ಚಿನವರು ಉದಾಸೀನ ಮಾಡುವುದು. ಸುಲಿದ ಜಾಗವನ್ನು ಮುಟ್ಟಿ ನೋಡಿ, ಜಾರುತ್ತದೆ. ಅಲ್ಲಿರುವ ಕೇಂಬಿಯಂ ಎಂಬ ಪದರ ಕೆಲವೇ ಕೋಶಗಳಷ್ಟು ತೆಳುವಾದರೂ ಕಾಂಡ ದಪ್ಪವಾಗುವುದು ಅದರಿಂದಲೇ: ಒಳಕ್ಕೆ ಕ್ಸೈಲಂ, ಹೊರಕ್ಕೆ ಫ್ಲೋಯಂ ಹುಟ್ಟಿಸುತ್ತಾ ಹೋಗುತ್ತದೆ. ಅದನ್ನು ಬಿಟ್ಟರೆ ಗಾಯ ಮತ್ತೆ ತೊಗಟೆಯಿಂದ ಕೂಡಿಕೊಳ್ಳುತ್ತದೆ, ಬೇರು ಬರುವುದಿಲ್ಲ. ಚಾಕುವಿನ ಹಿಂಬದಿಯಿಂದ ಜಾರಿಕೆ ಹೋಗುವವರೆಗೆ ಕೆರೆಯಿರಿ. ಆದರೆ ಕಟ್ಟಿಗೆಗೆ ಕಚ್ಚು ಬೀಳಬಾರದು, ಬಿದ್ದರೆ ನೀರಿನ ದಾರಿಗೇ ಪೆಟ್ಟು.

ಬೇರು ಬರಿಸುವ ಹಾರ್ಮೋನ್ ಪುಡಿಯಿದ್ದರೆ ಮೇಲಂಚಿಗೆ ಸವರಿ, ಏಕೆಂದರೆ ಬೇರು ಒಡೆಯುವುದು ಅಲ್ಲೇ. ನೆನೆಸಿ ಚೆನ್ನಾಗಿ ಹಿಂಡಿದ ಪಾಚಿ ಅಥವಾ ತೆಂಗಿನ ನಾರಿನ ಪುಡಿಯನ್ನು ಗಾಯದ ಸುತ್ತ ಮುಷ್ಟಿಗಾತ್ರಕ್ಕೆ ಒತ್ತಿ, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ, ಮಳೆನೀರು ಇಳಿಯದಂತೆ ಎರಡೂ ತುದಿಗಳನ್ನು ಬಿಗಿಯಾಗಿ ಕಟ್ಟಿ. ಒಳಗೆ, ವಿಭಜನೆ ನಿಲ್ಲಿಸಿ ತಮ್ಮ ಕೆಲಸಕ್ಕೆ ಹೊಂದಿಕೊಂಡಿದ್ದ ಕೋಶಗಳು ಮತ್ತೆ ವಿಭಜನೆಗೆ ತೊಡಗುತ್ತವೆ. ಗಾಯದಲ್ಲಿ ಕ್ಯಾಲಸ್ ಎಂಬ ಗಂಟು ಮೂಡುತ್ತದೆ, ಬೇರಿನ ಮೊಳಕೆಗಳು ಏಳುತ್ತವೆ. ಪ್ರತಿ ಬೇರಿನ ತುದಿಯಲ್ಲೂ ಹೊಸ ವರ್ಧನ ಅಂಗಾಂಶ, ಅಂದರೆ ವಿಭಜಿಸುತ್ತಲೇ ಇರುವ ಕೋಶಗಳ ಗುಂಪು, ಸಿದ್ಧವಾಗುತ್ತದೆ.

ಆರರಿಂದ ಎಂಟು ವಾರಗಳಲ್ಲಿ ಪ್ಲಾಸ್ಟಿಕ್ಕಿನ ಒಳಗೆ ಬಿಳಿ ಬೇರು ಕಾಣುತ್ತದೆ. ಅದು ತುಂಬಿಕೊಂಡ ಮೇಲೆ ಗೂಟಿಯ ಕೆಳಗೆ ಕತ್ತರಿಸಿ, ಪ್ಲಾಸ್ಟಿಕ್ ಬಿಚ್ಚಿ, ಬೇರು ಅಲುಗದಂತೆ ಕುಂಡಕ್ಕೆ ನೆಡಿ. ಅರ್ಧದಷ್ಟು ಎಲೆಗಳನ್ನು ಕಿತ್ತುಬಿಡಿ, ಎಳೆಯ ಬೇರು ಅಷ್ಟು ಎಲೆಗಳಿಗೆ ನೀರು ಒದಗಿಸಲಾರದು. ಒಂದು ತಿಂಗಳು ನೆರಳಿನಲ್ಲಿರಲಿ.

ನಿಂಬೆ, ದಾಳಿಂಬೆಗೂ ಇದೇ ವಿಧಾನ. ತೆಂಗು, ಅಡಿಕೆಗೆ ಮಾತ್ರ ಬೇಡ: ಅವುಗಳಲ್ಲಿ ಕೇಂಬಿಯಂ ಇಲ್ಲ, ಸುಲಿಯಲು ಫ್ಲೋಯಂನ ಉಂಗುರವೂ ಇಲ್ಲ. ಎತ್ತರಕ್ಕೆ ಬೆಳೆಸುವ ಅಂಗಾಂಶವೆಲ್ಲ ಸುಳಿಯಲ್ಲೇ ಇರುವುದರಿಂದ ಸುಳಿ ಕೊಳೆತ ತೆಂಗು ಉಳಿಯುವುದಿಲ್ಲ.

ಗೂಟಿ ಗಿಡಕ್ಕೆ ತಾಯಿಬೇರು ಇರುವುದಿಲ್ಲ. ಗಾಳಿ ಹೆಚ್ಚಿರುವ ಕಡೆ ನೆಟ್ಟರೆ ಮೊದಲ ಎರಡು ವರ್ಷ ಊರುಗೋಲು ಕಟ್ಟಿ.